ಪಿಸ್ತೂಲು ಆರಿಸುವ ಮೊದಲು ಕೈ ನೋಡಿಕೊಳ್ಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನೇ ಒಳಗೆ ಬರುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಎರಡು ಸಲ ಓದಿದೆ. ಮೂರು ಪಿಸ್ತೂಲುಗಳನ್ನು ಪಕ್ಕಪಕ್ಕ ಇಟ್ಟು ತೂಕ ಎಷ್ಟು, ನಳಿಗೆ ಎಷ್ಟು ಉದ್ದ, ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ ಅಂದರೆ ಮ್ಯಾಗಜೀನ್‌ನಲ್ಲಿ ಎಷ್ಟು ಗುಂಡು ಹಿಡಿಯುತ್ತದೆ ಎಂದು ಚೊಕ್ಕವಾಗಿ ಪಟ್ಟಿ ಮಾಡಿದ್ದಾರೆ. ಪಟ್ಟಿಯಲ್ಲಿ ಹುಳುಕು ಹುಡುಕಲು ನಾನು ಕೂತಿಲ್ಲ. ಆದರೆ ಅದನ್ನು ಓದಿದ ನನ್ನ ಪರಿಚಯದ ಹುಡುಗನೊಬ್ಬ, ಲೈಸೆನ್ಸ್ ಈಗಷ್ಟೇ ಕೈಗೆ ಬಂದವನು, ಪತ್ರಿಕೆಯ ಆ ಪುಟವನ್ನೇ ಮಡಚಿಕೊಂಡು ನನ್ನ ಹತ್ತಿರ ಬಂದ. ಎರಡನೆಯದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದ. "ಇದರಲ್ಲಿ ಗುಂಡು ಜಾಸ್ತಿ ಹಿಡಿಯುತ್ತದೆ, ತೂಕ ಕಡಿಮೆ, ಇದೇ ಅಲ್ವಾ ಒಳ್ಳೆಯದು?" ಎಂದು ಕೇಳಿದ. ಒಮ್ಮೆಯಾದರೂ ಅದನ್ನು ಕೈಯಲ್ಲಿ ಹಿಡಿದಿದ್ದೀಯಾ ಎಂದೆ. ಇಲ್ಲ ಎಂದ. ಈ ಪತ್ರ ಬರೆಯಲು ಅದೇ ಕಾರಣ.

ನಾನು ಗುರಿ ಅಭ್ಯಾಸದ ರೇಂಜಿಗೆ ಹೋಗಲು ಶುರು ಮಾಡಿ 20 ವರ್ಷ ದಾಟಿತು. ಹೊಸದಾಗಿ ಬಂದವರಿಗೆ ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇನೆ. ಪಿಸ್ತೂಲು ಕೊಂಡು ಪಶ್ಚಾತ್ತಾಪ ಪಟ್ಟವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಯಾರೂ "ಅಯ್ಯೋ, ಇನ್ನೆರಡು ಗುಂಡು ಹಿಡಿಯುವಂಥದ್ದು ಕೊಳ್ಳಬೇಕಿತ್ತು" ಎಂದು ಕೊರಗಿದ್ದನ್ನು ಕೇಳಿಲ್ಲ. ಕೈಗೆ ಕೂರುತ್ತಿಲ್ಲ, ಸ್ಲೈಡ್ (ಮೊದಲ ಗುಂಡು ಒಳಗೆ ಬರಲು ಹಿಂದಕ್ಕೆ ಎಳೆದು ಬಿಡುವ ಮೇಲಿನ ಭಾಗ) ಎಳೆಯಲು ಆಗುತ್ತಿಲ್ಲ, ಹೊಡೆದರೆ ಮಣಿಕಟ್ಟು ನೋಯುತ್ತದೆ, ಬಿಚ್ಚಿ ಒರೆಸಲು ಭಯವಾಗುತ್ತದೆ, ಹೀಗೆ. ಇದ್ಯಾವುದೂ ಪಟ್ಟಿಯಲ್ಲಿ ಬರುವುದಿಲ್ಲ.

ಮೊದಲು ಒಂದು ಮಾತು ಹೇಳಿ ಮುಗಿಸಿಬಿಡುತ್ತೇನೆ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ, ಯಾವ ಅಳತೆಯ ಗುಂಡಿಗೆ ಅನುಮತಿ ಇದೆ, ಮ್ಯಾಗಜೀನ್‌ಗೆ ಮಿತಿ ಇದೆಯಾ, ಇದನ್ನು ತಿಳಿದುಕೊಂಡ ಮೇಲೆಯೇ ಉಳಿದ ಮಾತು. ಎಷ್ಟೋ ಸಲ ಅರ್ಧ ಆಯ್ಕೆಯನ್ನು ಕಾನೂನೇ ಮಾಡಿರುತ್ತದೆ. ಹಾಗೇ, ಯಾತಕ್ಕೆ ಬೇಕು ಎಂಬುದನ್ನೂ ನಿಮಗೆ ನೀವೇ ಕೇಳಿಕೊಳ್ಳಿ. ಗುರಿ ಅಭ್ಯಾಸಕ್ಕಾದರೆ ದೊಡ್ಡದು, ತೂಕದ್ದು, ಉದ್ದ ನಳಿಗೆಯದು ಸುಖ. ಮನೆಯಲ್ಲಿ ಇಡುವುದಕ್ಕೂ ಅದೇ ಆಗುತ್ತದೆ. ದಿನವೂ ಮೈಮೇಲೆ ಇಟ್ಟುಕೊಂಡು ಓಡಾಡಲೇಬೇಕಾದವರಿಗೆ ಮಾತ್ರ ಚಿಕ್ಕದರ ಮಾತು ಬರುತ್ತದೆ, ಅಂಥವರು ಕಡಿಮೆ. ಆದರೂ ಮೊದಲ ಪಿಸ್ತೂಲು ಕೊಳ್ಳುವ ಜನ ಅದೇಕೋ ನೇರವಾಗಿ ಚಿಕ್ಕದರ ಹತ್ತಿರವೇ ಹೋಗುತ್ತಾರೆ. ಮುದ್ದಾಗಿ ಕಾಣುತ್ತದೆ, ಹಗುರ ಇದೆ, ಹೊಸಬರಿಗೆ ಇದು ಸುಲಭ ಎಂದು ಮಾರುವವರೂ ಹೇಳುತ್ತಾರೆ.

ಅದು ಸುಲಭ ಅಲ್ಲವೇ ಅಲ್ಲ. ಗುಂಡು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಅದೇ ಗುಂಡನ್ನು ಭಾರದ ಪಿಸ್ತೂಲಿನಿಂದ ಹೊಡೆದರೆ ಒದೆತ ನಿಧಾನವಾಗಿ ತಳ್ಳಿದ ಹಾಗೆ ಇರುತ್ತದೆ, ಹಗುರ ಪಿಸ್ತೂಲಿನಿಂದ ಹೊಡೆದರೆ ಫಟ್ ಎಂದು ಕೈ ಮೇಲೆ ಹೊಡೆದ ಹಾಗೆ. 1911 ಎಂಬ ಹೆಸರಿನ, ಹಿಂದೆ ಅಮೆರಿಕದ ಸೈನಿಕರು ಬಳಸುತ್ತಿದ್ದ ಉಕ್ಕಿನ ಪಿಸ್ತೂಲು ಖಾಲಿ ಇದ್ದಾಗಲೇ ಸುಮಾರು 1.1 ಕಿಲೋ. ಅದರಲ್ಲಿ .45ರ (ಇಂಚಿನ ಲೆಕ್ಕದ ಅಳತೆ) ದಪ್ಪ ಗುಂಡು ಹೊಡೆದು "ಇಷ್ಟೇನಾ?" ಎಂದ ಹೊಸಬರನ್ನು ನೋಡಿದ್ದೇನೆ. ಅವರೇ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ 9 ಎಂಎಂ (ಇದು ಮಿಲಿಮೀಟರ್ ಲೆಕ್ಕ) ಪಿಸ್ತೂಲಿನಲ್ಲಿ ಹೊಡೆದು, ಎರಡನೇ ಗುಂಡಿಗೇ ಕಣ್ಣು ಮುಚ್ಚಿಕೊಂಡಿದ್ದನ್ನೂ ನೋಡಿದ್ದೇನೆ. ಕಣ್ಣು ಮುಚ್ಚುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸಲು ತಿಂಗಳುಗಟ್ಟಲೆ ಬೇಕು.

ಸ್ಲೈಡ್ ವಿಷಯಕ್ಕೆ ಬರುತ್ತೇನೆ. ಒಬ್ಬ ತಾಯಿ ರೇಂಜಿಗೆ ಬಂದಿದ್ದರು, 60ರ ಆಸುಪಾಸು. ಮಗ ಪ್ರೀತಿಯಿಂದಲೇ ಒಂದು ಪುಟ್ಟ .380 ಪಿಸ್ತೂಲು ಆರಿಸಿ ಕೊಡಿಸಿದ್ದ. ಅಮ್ಮನ ಕೈ ಚಿಕ್ಕದು, ಪಿಸ್ತೂಲೂ ಚಿಕ್ಕದಿರಲಿ ಎಂಬ ಲೆಕ್ಕ. ಆ ತಾಯಿ ಸ್ಲೈಡ್ ಹಿಡಿದು ಎಳೆದರು, ಬರಲಿಲ್ಲ. ಎರಡು ಬೆರಳಲ್ಲಿ ಚಿವುಟಿ ಹಿಡಿದು ಎಳೆದರು, ಬರಲಿಲ್ಲ. ಬೆರಳ ತುದಿ ಕೆಂಪಾಯಿತು. ಮೂರನೇ ಸಲ ಜೋರು ಹಾಕಲು ಹೋಗಿ ಪಿಸ್ತೂಲನ್ನು ಅಡ್ಡಡ್ಡ ತಿರುಗಿಸಿಬಿಟ್ಟರು, ನಳಿಗೆ ಪಕ್ಕದಲ್ಲಿ ನಿಂತಿದ್ದ ನನ್ನ ಹೊಟ್ಟೆಯ ಕಡೆಗೆ ಬಂತು. ಗುಂಡು ಹಾಕಿರಲಿಲ್ಲ. ಆದರೂ ನನ್ನ ಎದೆ ಧಸಕ್ಕೆಂದಿತು, ಅವರ ಮುಖವೂ ಬಿಳಿಚಿಕೊಂಡಿತು.

ಇದಕ್ಕೆ ಕಾರಣ ಯಂತ್ರದ ಒಳಗೇ ಇದೆ. ಇಂಥ ಚಿಕ್ಕ ಪಿಸ್ತೂಲುಗಳಲ್ಲಿ ಬಹಳಷ್ಟು ಬ್ಲೋಬ್ಯಾಕ್ ಬಗೆಯವು. 1930ರ ದಶಕದಿಂದ ಹೆಸರು ಮಾಡಿದ ವಾಲ್ಥರ್ ಪಿಪಿಕೆ ಈ ಬಗೆಯದೇ. ಇದರಲ್ಲಿ ನಳಿಗೆ ಅಲುಗಾಡುವುದಿಲ್ಲ, ಗುಂಡು ಹಾರುವಾಗ ಸ್ಲೈಡನ್ನು ಹಿಡಿದು ನಿಲ್ಲಿಸುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್, ಎರಡೇ. ಹಾಗಾಗಿ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಆದರೆ ಬಂದೂಕು ವಿನ್ಯಾಸಗಾರ ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸದಲ್ಲಿ, ಅಂದರೆ 1911 ಪಿಸ್ತೂಲಿನಿಂದ ಹಿಡಿದು ಗ್ಲಾಕ್‌ವರೆಗೆ ಇವತ್ತಿನ ಹೆಚ್ಚಿನ 9 ಎಂಎಂ ಪಿಸ್ತೂಲುಗಳು ಅನುಸರಿಸುವ ದಾರಿಯಲ್ಲಿ, ನಳಿಗೆಯೂ ಸ್ಲೈಡೂ ಕೊಂಚ ದೂರ ಕೂಡಿಕೊಂಡೇ ಹಿಂದೆ ಬಂದು ಆಮೇಲೆ ಬೇರೆಯಾಗುತ್ತವೆ. ಆ ಬೀಗದ ಕೆಲಸದಿಂದಾಗಿ ಸ್ಪ್ರಿಂಗ್ ಅಷ್ಟು ಗಡುಸಾಗಿ ಇರಬೇಕಿಲ್ಲ. ಆದ್ದರಿಂದ ಶಕ್ತಿ ಕಡಿಮೆ ಇರುವ .380ರ ಪುಟ್ಟ ಪಿಸ್ತೂಲಿನ ಸ್ಲೈಡ್ ಎಳೆಯುವುದು, ಶಕ್ತಿ ಹೆಚ್ಚಿರುವ 9 ಎಂಎಂನ ದೊಡ್ಡ ಪಿಸ್ತೂಲಿನ ಸ್ಲೈಡ್ ಎಳೆಯುವುದಕ್ಕಿಂತ ಕಷ್ಟವಾಗಬಹುದು. ಮಗನಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ? ಯಾವ ಪಟ್ಟಿಯಲ್ಲೂ ಸ್ಲೈಡ್ ಎಷ್ಟು ಗಡುಸು ಎಂಬ ಕಾಲಮ್ ಇರುವುದಿಲ್ಲ.

ಆ ತಾಯಿಗೆ ಆಮೇಲೆ ಎಳೆಯುವ ರೀತಿ ತೋರಿಸಿದೆ. ಪಿಸ್ತೂಲನ್ನು ಎದೆಯ ಹತ್ತಿರ ತಂದುಕೊಳ್ಳಬೇಕು, ನಳಿಗೆ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರಿನಿಂದ ಹೊರಗೆ. ಎಡಗೈಯನ್ನು ಸ್ಲೈಡಿನ ಮೇಲಿಂದ ಹಾಕಿ, ನಾಲ್ಕೂ ಬೆರಳು ಮತ್ತು ಅಂಗೈ ಸೇರಿಸಿ ಹಿಡಿದು, ಅದನ್ನು ಎಳೆಯುವ ಬದಲು ಬಲಗೈಯಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಗುಂಡು ಸಿಡಿಯಲು ಹಿಂದಿನಿಂದ ಹೊಡೆತ ಕೊಡುವ ಪುಟ್ಟ ಸುತ್ತಿಗೆ, ಅಂದರೆ ಹ್ಯಾಮರ್, ಹೊರಗೆ ಕಾಣುವ ಪಿಸ್ತೂಲಾದರೆ ಮೊದಲು ಹೆಬ್ಬೆರಳಲ್ಲಿ ಹ್ಯಾಮರ್ ಎತ್ತಿಟ್ಟರೆ ಸ್ಲೈಡ್ ಇನ್ನಷ್ಟು ಹಗುರಾಗುತ್ತದೆ. ಅವರಿಗೆ ಆಗ ಬಂತು, ಐದರಲ್ಲಿ ಮೂರು ಸಲ. ಐದರಲ್ಲಿ ಮೂರು ಸಾಲದು. ಕೊನೆಗೆ ಅವರು ಅದನ್ನು ಮರಳಿಸಿ ನಡುಗಾತ್ರದ 9 ಎಂಎಂ ತೆಗೆದುಕೊಂಡರು, ಈಗ ಚೆನ್ನಾಗಿ ಹೊಡೆಯುತ್ತಾರೆ. ಕೈ ಬಲ ಕಡಿಮೆ ಇರುವವರಿಗೆಂದೇ ಸ್ಲೈಡ್ ಮೆತ್ತಗೆ ಮಾಡಿದ ಪಿಸ್ತೂಲುಗಳೂ ಈಗ ಇವೆ, 2018ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಇಝಡ್ ಅಂಥದ್ದು. ವಯಸ್ಸಾದವರು, ಕೀಲುನೋವು ಇರುವವರು ಅದನ್ನೂ ಒಮ್ಮೆ ಹಿಡಿದು ನೋಡಬಹುದು.

ಹಿಡಿ ಕೈಗೆ ಕೂರುವುದು ಎಂದರೇನು ಎಂಬುದನ್ನೂ ಬಿಡಿಸಿ ಹೇಳಬೇಕು. ಏಕೆಂದರೆ ಎಲ್ಲರೂ "ಕೈಗೆ ಚೆನ್ನಾಗಿ ಕೂತಿತು" ಎಂದು ಸುಮ್ನೆ ಹೇಳಿಬಿಡುತ್ತಾರೆ. ಖಾಲಿ ಎಂದು ಖಾತ್ರಿ ಮಾಡಿಕೊಂಡ ಪಿಸ್ತೂಲನ್ನು, ಮಾರುವವರ ಅನುಮತಿ ಕೇಳಿ, ಸುರಕ್ಷಿತ ದಿಕ್ಕಿಗೆ ಹಿಡಿಯಿರಿ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಹಿಡಿಯ ಹಿಂಭಾಗದಲ್ಲಿ ಆದಷ್ಟು ಮೇಲೆ, ಸ್ಲೈಡಿನ ಕೆಳಗೇ ಒತ್ತಿಕೊಂಡಿರಬೇಕು. ಹಾಗೆ ಹಿಡಿದಾಗ ನಳಿಗೆ ಮತ್ತು ಮುಂದೋಳು ಒಂದೇ ಗೆರೆಯಲ್ಲಿ ಬರಬೇಕು. ಆ ಗೆರೆ ಕೆಡದೆ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಬರಬೇಕು. ಬೆರಳ ತುದಿ ಮಾತ್ರ ಮುಟ್ಟಿದರೆ ಹಿಡಿ ನಿಮಗೆ ದಪ್ಪ. ಎರಡನೇ ಗಿಣ್ಣಿನವರೆಗೂ ಬೆರಳು ಒಳಗೆ ಹೋದರೆ ಹಿಡಿ ಸಣ್ಣದು. ಮ್ಯಾಗಜೀನ್ ಬಿಡಿಸುವ ಗುಂಡಿ ಒತ್ತಲು ಹಿಡಿತವನ್ನು ಎಷ್ಟು ತಿರುಗಿಸಬೇಕಾಯಿತು ನೋಡಿ. ಕಿರುಬೆರಳಿಗೆ ಹಿಡಿಯ ಮೇಲೆ ಜಾಗ ಸಿಕ್ಕಿತಾ, ಗಾಳಿಯಲ್ಲಿ ನೇತಾಡುತ್ತಿದೆಯಾ? ಆಮೇಲೆ ಕಣ್ಣು ಮುಚ್ಚಿ, ಕೈ ಚಾಚಿ, ಕಣ್ಣು ತೆರೆಯಿರಿ. ಗುರಿ ಹೊಂದಿಸಲು ನೋಡುವ ಮುಂದಿನ ಮತ್ತು ಹಿಂದಿನ ಸೈಟ್‌ಗಳು ಸುಮಾರಾಗಿ ಒಂದೇ ಸಾಲಿನಲ್ಲಿ ಇದ್ದರೆ ಆ ಹಿಡಿ ನಿಮ್ಮ ಕೈಯದೇ. ನಳಿಗೆ ಯಾವಾಗಲೂ ಮೇಲಕ್ಕೋ ಕೆಳಕ್ಕೋ ತಿರುಗಿರುತ್ತದೆ ಎಂದಾದರೆ ನೀವು ಪ್ರತಿ ಸಲವೂ ಮಣಿಕಟ್ಟು ಬಗ್ಗಿಸಿ ಹೊಡೆಯಬೇಕಾಗುತ್ತದೆ.

ಎಡಗೈಯವರು ಇನ್ನೂ ಹುಷಾರಾಗಿ ನೋಡಬೇಕು. ಮ್ಯಾಗಜೀನ್ ಗುಂಡಿಯನ್ನು ಎರಡೂ ಕಡೆಗೆ ಬದಲಿಸಲು ಬರುತ್ತದಾ, ಸ್ಲೈಡ್ ಬಿಡುವ ಕೊಂಡಿ ಎರಡೂ ಬದಿಗೆ ಇದೆಯಾ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೊಂಡಿ ಇದ್ದರೆ ಅದು ನಿಮ್ಮ ಹೆಬ್ಬೆರಳಿಗೆ ಸಿಗುತ್ತದಾ. ಮೊದಮೊದಲು ಬಂದ 1911ಗಳಲ್ಲಿ ಎಡಗೈಯವರಿಗೆ ಇದ್ಯಾವುದೂ ಇರಲಿಲ್ಲ.

ಗುಂಡಿನ ಅಳತೆಯ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ, ಆ ಜಗಳ ಶತಮಾನದಿಂದ ನಡೆಯುತ್ತಲೇ ಇದೆ. 9 ಎಂಎಂ ಪ್ಯಾರಾಬೆಲ್ಲಮ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದದ್ದು, .45ರ ಗುಂಡೂ ಹೆಚ್ಚು ಕಡಿಮೆ ಅದೇ ವಯಸ್ಸಿನದು. 1990ರಲ್ಲಿ .40 ಬಂದಾಗ ಇನ್ನು ಮುಂದೆ ಎಲ್ಲ ಇದೇ ಎಂದರು. ಅಮೆರಿಕದ ಎಫ್‌ಬಿಐ ಅದನ್ನು ತೆಗೆದುಕೊಂಡಿತು, ಆಮೇಲೆ ಮತ್ತೆ 9 ಎಂಎಂಗೇ ಮರಳಿತು. ಒದೆತ ಕಡಿಮೆ ಇದ್ದರೆ ಜನ ಚೆನ್ನಾಗಿ ಗುರಿ ಹೊಡೆಯುತ್ತಾರೆ ಎಂಬುದು ಅದಕ್ಕೆ ಒಂದು ಕಾರಣ. ನಿಮಗೆ ಅನುಮತಿ ಇರುವ ಅಳತೆಗಳಲ್ಲಿ, ಒಂದೇ ದಿನ 100 ಗುಂಡು ಹೊಡೆದರೂ ಕೈ ನಡುಗದೆ ಇರುವಂಥದ್ದನ್ನು ತೆಗೆದುಕೊಳ್ಳಿ. ಸಣ್ಣ ಗುಂಡಿನ .22 ಸಿಕ್ಕರೆ ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ಕೀಳಾಗಿ ಕಾಣುವವರ ಮಾತಿಗೆ ಕಿವಿಗೊಡಬೇಡಿ.

ಇನ್ನು ಟ್ರಿಗರ್. ಇದರ ಬಗ್ಗೆ ನಿಮ್ಮ ಬರಹದಲ್ಲಿ ಒಂದೇ ಸಾಲು ಇತ್ತು. ನನಗೆ ಅದೇ ಬೇಜಾರು. ಪಿಸ್ತೂಲಿನ ಸ್ವಭಾವ ಎಲ್ಲ ಇರುವುದು ಅಲ್ಲಿ.

ಒಂದು ಬಗೆ 1911ರಂಥದ್ದು, ಸಿಂಗಲ್ ಆಕ್ಷನ್. ಹ್ಯಾಮರ್ ಮೊದಲೇ ಎತ್ತಿರಬೇಕು, ಟ್ರಿಗರ್ ಅದನ್ನು ಬಿಡಿಸುವ ಕೆಲಸ ಮಾತ್ರ ಮಾಡುತ್ತದೆ. ಹಗುರ, ಚಿಕ್ಕ, ಸ್ಪಷ್ಟ. ಗುರಿ ಹೊಡೆಯಲು ಇದರಷ್ಟು ಹಿತ ಬೇರೆ ಇಲ್ಲ. ಆದರೆ ಸಿದ್ಧ ಸ್ಥಿತಿಯಲ್ಲಿ ಇಡುವುದೆಂದರೆ ಹ್ಯಾಮರ್ ಎತ್ತಿ, ಹೆಬ್ಬೆರಳ ಸೇಫ್ಟಿ ಹಾಕಿ ಇಡಬೇಕು. ಆ ಸೇಫ್ಟಿಯನ್ನು ಹಾಕುವುದೂ ತೆಗೆಯುವುದೂ ಉಸಿರಾಟದ ಹಾಗೆ ಆಗುವವರೆಗೆ ಅಭ್ಯಾಸ ಬೇಕು. ಅಮೆರಿಕದ ಸೈನಿಕರು ಇದನ್ನು 1911ರಿಂದ 1985ರವರೆಗೆ ಇಟ್ಟುಕೊಂಡಿದ್ದರು, ಅವರಿಗೆ ಕಲಿಸುವವರಿದ್ದರು. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆಯುವ ನಮ್ಮಂಥವರ ಕಥೆ ಬೇರೆ.

ಇನ್ನೊಂದು ಬಗೆ, 1985ರಲ್ಲಿ ಅದರ ಜಾಗಕ್ಕೆ ಬಂದ ಬೆರೆಟ್ಟಾ 92ರಂಥದ್ದು. ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೂ ಗಟ್ಟಿಯಾಗಿ ಎಳೆಯಬೇಕು, ಸುಮಾರು 5 ಕಿಲೋ ಬಲ. ಸ್ಲೈಡ್ ಹಿಂದೆ ಹೋಗಿ ಬಂದಾಗ ಹ್ಯಾಮರ್ ತಾನೇ ಎತ್ತಿಕೊಳ್ಳುತ್ತದೆ, ಎರಡನೇ ಗುಂಡಿನಿಂದ ಸುಮಾರು ಅರ್ಧದಷ್ಟು ಬಲ ಸಾಕು. ಮೊದಲ ಎಳೆತ ಗಟ್ಟಿ ಇರುವುದು ಒಂದು ಕಾವಲು ಎಂದು ನನ್ನ ಅನಿಸಿಕೆ, ಬೆರಳು ಎಡವಿದರೆ ತಟ್ಟನೆ ಗುಂಡು ಹಾರುವುದಿಲ್ಲ. ಆದರೆ ಒಂದೇ ಪಿಸ್ತೂಲಿನಲ್ಲಿ ಎರಡು ಬಗೆಯ ಎಳೆತ ಕಲಿಯಬೇಕು. ಹೊಸಬರ ಮೊದಲ ಗುಂಡು ಕೆಳಗೆ ಹೋಗುತ್ತದೆ, ಎರಡನೆಯದು ಅವರಿಗೇ ಗೊತ್ತಾಗುವ ಮೊದಲು ಹೋಗಿಬಿಡುತ್ತದೆ. ಜೊತೆಗೆ, ಹೊಡೆದು ಮುಗಿದ ಮೇಲೆ ಹ್ಯಾಮರ್ ಎತ್ತಿಕೊಂಡೇ ಇರುತ್ತದೆ, ಅದನ್ನು ಕೊಂಡಿ ಬಳಸಿ ಇಳಿಸಲು ಮರೆಯಬಾರದು. ಅದಕ್ಕೆಂದೇ ಇರುವ ಡಿಕಾಕರ್ ಕೊಂಡಿ ಯಾವುದರಲ್ಲಿ ಎಲ್ಲಿದೆ, ಒತ್ತಿದರೆ ಏನಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ. ಸಿಗ್ ಸೌಅರ್ ಪಿ226ರಲ್ಲಿ ಅದು ಹ್ಯಾಮರ್ ಇಳಿಸುವ ಕೆಲಸ ಮಾತ್ರ ಮಾಡುತ್ತದೆ, ಬೆರೆಟ್ಟಾ 92 ಎಫ್ಎಸ್‌ನಲ್ಲಿ ಅದೇ ಕೊಂಡಿ ಸೇಫ್ಟಿಯೂ ಹೌದು.

ಮೂರನೆಯದು ಇವತ್ತು ಎಲ್ಲ ಕಡೆ ಕಾಣುವ ಸ್ಟ್ರೈಕರ್ ಬಗೆ, ಅಂದರೆ ಹ್ಯಾಮರ್ ಬದಲು ಒಳಗಿನ ಸ್ಪ್ರಿಂಗಿನ ಮೊನೆಯೇ ಗುಂಡಿಗೆ ಹೊಡೆಯುವಂಥದ್ದು. 1982ರಲ್ಲಿ ಆಸ್ಟ್ರಿಯಾ ಸೇನೆ ಗ್ಲಾಕ್ 17 ಆರಿಸಿಕೊಂಡ ಮೇಲೆ ಜಗತ್ತೇ ಆ ಕಡೆ ತಿರುಗಿತು. ಪ್ಲಾಸ್ಟಿಕ್ ಮೈ, ಖಾಲಿ ತೂಕ ಸುಮಾರು 630 ಗ್ರಾಂ, 17 ಗುಂಡು. ಹ್ಯಾಮರ್ ಕಾಣುವುದಿಲ್ಲ, ಹೆಬ್ಬೆರಳಿಗೆ ಸೇಫ್ಟಿ ಇಲ್ಲ. ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೆ ಎಳೆತ ಒಂದೇ, ಸುಮಾರು ಎರಡೂವರೆ ಕಿಲೋ. ಕಲಿಯಲು ಸರಳ, ಅದರಲ್ಲಿ ಎರಡು ಮಾತಿಲ್ಲ. ಒಂದು ಸೇಫ್ಟಿ ಟ್ರಿಗರಿನ ಮೇಲೇ ಇದೆ, ಉಳಿದವು ಒಳಗಿವೆ, ಟ್ರಿಗರ್ ಎಳೆದಾಗ ಮಾತ್ರ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಂದರೆ ಟ್ರಿಗರಿಗೆ ಯಾವುದು ತಾಗಿ ಹಿಂದಕ್ಕೆ ಒತ್ತಿದರೂ, ಬೆರಳಾಗಲಿ, ಅಂಗಿಯ ತುದಿಯಾಗಲಿ, ದಾರವಾಗಲಿ, ಅದು ಎಳೆದದ್ದೇ ಎಂದು ಪಿಸ್ತೂಲು ತಿಳಿಯುತ್ತದೆ. ಹಾಗಾಗಿ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ (ಹೋಲ್ಸ್ಟರ್) ಇಲ್ಲದೆ ಇಂಥ ಪಿಸ್ತೂಲು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹೆಬ್ಬೆರಳ ಸೇಫ್ಟಿ ಇರುವ ಸ್ಟ್ರೈಕರ್ ಪಿಸ್ತೂಲುಗಳೂ ಸಿಗುತ್ತವೆ. ಅದಿದ್ದರೆ ಮನಸ್ಸಿಗೆ ನೆಮ್ಮದಿ ಎನ್ನುವವರು ನಾಚಿಕೆ ಇಲ್ಲದೆ ಅದನ್ನೇ ಕೇಳಿ ತೆಗೆದುಕೊಳ್ಳಲಿ.

ಹೆಸರು ದೊಡ್ಡದು ಎಂದು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. 2017ರಲ್ಲಿ ಅಮೆರಿಕದ ಸೇನೆ ಸಿಗ್ ಸೌಅರ್ ಪಿ320 ಮಾದರಿಯನ್ನು ಆರಿಸಿಕೊಂಡಿತು. ಅದೇ ವರ್ಷ ಮಾರುಕಟ್ಟೆಯಲ್ಲಿದ್ದ ಪಿ320 ಒಂದು ಕೋನದಲ್ಲಿ ನೆಲಕ್ಕೆ ಬಿದ್ದರೆ ಗುಂಡು ಹಾರಬಹುದು ಎಂಬುದು ಹೊರಗಿನವರ ಪರೀಕ್ಷೆಗಳಲ್ಲಿ ಕಂಡುಬಂತು. ಕಂಪನಿಯೇ ಟ್ರಿಗರ್ ಮತ್ತು ಕೆಲವು ಒಳಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು. ಆದ್ದರಿಂದ ಯಾವ ಪಿಸ್ತೂಲೇ ಆಗಲಿ, ಅದರ ಸೀರಿಯಲ್ ನಂಬರಿಗೆ ಇಂಥ ಬದಲಾವಣೆ ಬಾಕಿ ಇದೆಯಾ ಎಂದು ನೋಡಿಯೇ ಮುಂದುವರಿಯಿರಿ, ಅದರಲ್ಲೂ ಬಳಸಿದ್ದನ್ನು ಕೊಳ್ಳುವಾಗ.

ಈಗ ನನ್ನ ತಪ್ಪೊಂದನ್ನು ಬರೆಯಬೇಕು. ಬರೆಯಲು ಇವತ್ತಿಗೂ ಕಷ್ಟ.

ರೇಂಜಿಗೆ ಹೋಗಲು ಶುರು ಮಾಡಿ ಮೂರನೇ ವರ್ಷ. ನನಗೆಲ್ಲ ಗೊತ್ತು ಎಂಬ ಭಾವನೆ ಬಂದಿದ್ದ ಕಾಲ. ಹೊಡೆದು ಮುಗಿಯಿತು, ಮ್ಯಾಗಜೀನ್‌ನಲ್ಲಿ ಇನ್ನೂ ಕೆಲವು ಗುಂಡು ಉಳಿದಿದ್ದವು. ಕಿವಿಯ ಮುಚ್ಚಳ ತೆಗೆದು ಮೇಜಿನ ಮೇಲೆ ಇಟ್ಟೆ. ಪಕ್ಕದವರ ಜೊತೆ ಮಾತಾಡುತ್ತಾ ಸ್ಲೈಡ್ ಎಳೆದೆ, ಒಂದು ಗುಂಡು ಹೊರಗೆ ಬಿತ್ತು. ಆಮೇಲೆ ಮ್ಯಾಗಜೀನ್ ತೆಗೆದೆ. ಗುಂಡು ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ, ಮ್ಯಾಗಜೀನ್ ಕೈಯಲ್ಲಿದೆ, ಇನ್ನೇನು ಖಾಲಿ. ನನ್ನ ಪಿಸ್ತೂಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಬೇಕಾದ ಬಗೆಯದು. ಎಳೆದೆ.

ಆ ಸದ್ದು ಮರೆಯಲು ಆಗುವುದಿಲ್ಲ. ಗುಂಡು ಮುಂದಿನ ಮರಳಿನ ದಿಬ್ಬಕ್ಕೆ ಹೋಯಿತು, ನಳಿಗೆ ಆ ಕಡೆಗೇ ಇದ್ದದ್ದರಿಂದ. ಅಭ್ಯಾಸಬಲದಿಂದ ಉಳಿದದ್ದು ಅದೊಂದೇ ನಿಯಮ. ಮೂರು ದಿನ ಎಡಗಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ, ಕಿವಿ ಮುಚ್ಚದೆ ಒಂದು ಗುಂಡು ಸಾಕು ಕೇಳಿಸುವ ಶಕ್ತಿ ಶಾಶ್ವತವಾಗಿ ಕೆಡಲು. ಆದದ್ದಿಷ್ಟೇ: ಸ್ಲೈಡ್ ಎಳೆದಾಗ ಚೇಂಬರಿನಲ್ಲಿದ್ದ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ ಕೂತಿದ್ದ ಗುಂಡು ಹೊರಗೆ ಬಿತ್ತು, ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜೀನ್‌ನಿಂದ ಇನ್ನೊಂದನ್ನು ಒಳಗೆ ತಳ್ಳಿತು. ಅದು ಮಾಡಬೇಕಾದ ಕೆಲಸವೇ ಅದು. ಮ್ಯಾಗಜೀನ್ ಮೊದಲು, ಸ್ಲೈಡ್ ಆಮೇಲೆ. ನಾನು ಹಿಂದುಮುಂದು ಮಾಡಿದೆ. ತಪ್ಪು ಪೂರ್ತಿ ನನ್ನದು, ಪಿಸ್ತೂಲಿನದು ಅಲ್ಲ.

ಆ ದಿನದಿಂದ ಪಿಸ್ತೂಲು ಆರಿಸುವ ನನ್ನ ರೀತಿಯೇ ಬದಲಾಯಿತು. ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಇದನ್ನು ಖಾಲಿ ಮಾಡುವುದು ನಿಮಗೆ ಎಷ್ಟು ಸುಲಭ, ಖಾಲಿಯಾಗಿದೆ ಎಂದು ತಿಳಿಯುವುದು ಎಷ್ಟು ಸುಲಭ, ನೋಡಿ. ಬೆರಳು ಹೊರಗೆ, ನಳಿಗೆ ಸುರಕ್ಷಿತ ದಿಕ್ಕಿಗೆ. ಮ್ಯಾಗಜೀನ್ ತೆಗೆದು ದೂರ ಇಡಿ. ಸ್ಲೈಡ್ ಮೂರು ಸಲ ಎಳೆಯಿರಿ, ಕೊನೆಗೆ ಹಿಂದಕ್ಕೆ ಎಳೆದು ಕೊಂಡಿ ಹಾಕಿ ನಿಲ್ಲಿಸಿ. ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಆಮೇಲೆ ಕಿರುಬೆರಳ ತುದಿ ಹಾಕಿ ಮುಟ್ಟಿ ನೋಡಿ. ಇನ್ನೊಮ್ಮೆ ನೋಡಿ. ಸ್ಲೈಡ್ ನಿಲ್ಲಿಸುವ ಆ ಕೊಂಡಿ ನಿಮ್ಮ ಹೆಬ್ಬೆರಳಿಗೆ ಸಿಗದಿದ್ದರೆ, ಸ್ಲೈಡನ್ನು ಪೂರ್ತಿ ಹಿಂದೆ ಹಿಡಿದು ನಿಲ್ಲಿಸುವ ಬಲ ನಿಮಗೆ ಇಲ್ಲದಿದ್ದರೆ, ಆ ಪಿಸ್ತೂಲು ಎಷ್ಟೇ ಹೆಸರು ಮಾಡಿರಲಿ, ನಿಮಗೆ ಬೇಡ. ಟ್ರಿಗರ್ ಎಳೆಯದೇ ಬಿಚ್ಚಲು ಬರುವ ಪಿಸ್ತೂಲುಗಳಿವೆ. ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿಯಲ್ಲಿ ಒಳಗೊಂದು ಪುಟ್ಟ ಕೊಂಡಿ ಇದೆ, ಪಿ320ರಲ್ಲೂ ಬಿಚ್ಚಲು ಟ್ರಿಗರ್ ಮುಟ್ಟಬೇಕಿಲ್ಲ. ಬ್ರೌನಿಂಗ್ ಹೈ ಪವರ್‌ನಂಥ ಕೆಲವಲ್ಲಿ ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸವೇ ಮಾಡುವುದಿಲ್ಲ. ಚೇಂಬರಿನಲ್ಲಿ ಗುಂಡಿದ್ದರೆ ಮೇಲೆದ್ದು ಕಾಣುವ ಸೂಚಕ ಕೆಲವಲ್ಲಿದೆ. ಇವೆಲ್ಲ ಒಳ್ಳೆಯವೇ. ಆದರೆ ಅವನ್ನೇ ನಂಬಿ ಚೇಂಬರ್ ನೋಡುವುದನ್ನು ಬಿಡಬಾರದು.

ಹಾಗಾಗಿ ಸಂಪಾದಕರೇ, ಕೊಳ್ಳುವ ಮೊದಲು ಹೊಡೆದು ನೋಡಿ ಎಂದು ಓದುಗರಿಗೆ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ರೇಂಜಿನಲ್ಲಿ ಬಾಡಿಗೆಗೆ ಸಿಕ್ಕರೆ ಬಾಡಿಗೆಗೆ, ಇಲ್ಲವೇ ಲೈಸೆನ್ಸ್ ಇರುವ ತಿಳಿದವರ ಜೊತೆ, ಕಾನೂನು ಒಪ್ಪುವ ರೀತಿಯಲ್ಲಿ. ಮೂರು ಪಿಸ್ತೂಲು, ಒಂದೊಂದರಲ್ಲಿ 50 ಗುಂಡು, ಒಂದೇ ದೂರ. ಕಾಗದದ ಗುರಿಗಳನ್ನು ಮನೆಗೆ ತಂದು ಪಕ್ಕಪಕ್ಕ ಇಟ್ಟು ನೋಡಿ. ಯಾವುದರ ರಂಧ್ರಗಳು ಒಂದೇ ಕಡೆ ಗುಂಪಾಗಿವೆ ಎಂಬುದು ಆ ಕಾಗದದಲ್ಲೇ ಇರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಕೊಂಡ ಮೇಲೂ ಒಂದು 200 ಗುಂಡು ತಡೆಯಿಲ್ಲದೆ ಹೋಗುವವರೆಗೆ ಅದನ್ನು ನಂಬಬೇಡಿ. ಮುಂದೆ ಬಳಸುವ ಗುಂಡನ್ನೇ ಅದರಲ್ಲಿ ಸ್ವಲ್ಪ ಹೊಡೆದು ನೋಡಿ, ಏಕೆಂದರೆ ಒಂದು ಬಗೆಯ ಗುಂಡನ್ನು ಸಲೀಸಾಗಿ ನುಂಗುವ ಪಿಸ್ತೂಲು ಇನ್ನೊಂದರಲ್ಲಿ ತಡವರಿಸುವುದುಂಟು. ಸಿಕ್ಕಿಕೊಂಡರೆ ಪಿಸ್ತೂಲನ್ನು ಬೈಯುವ ಮೊದಲು ಮ್ಯಾಗಜೀನ್ ಬದಲಿಸಿ ನೋಡಿ, ತೊಂದರೆ ಬಹಳ ಸಲ ಅದರಲ್ಲೇ ಇರುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೂ ಹೀಗೇ ಆಗುತ್ತದೆ. ಹಿಡಿ ಗಟ್ಟಿಯಾಗಿ ನಿಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಹಾರಿದ ಗುಂಡಿನ ಖಾಲಿ ಕೋಶ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ಹಗುರ ಪ್ಲಾಸ್ಟಿಕ್ ಪಿಸ್ತೂಲುಗಳಲ್ಲಿ ಇದು ಜಾಸ್ತಿ. ಆ ಪಟ್ಟಿಯಲ್ಲಿ ತೂಕ ಕಡಿಮೆ ಎಂಬುದು ಗುಣವಾಗಿ ಮಾತ್ರ ಬಂದಿತ್ತು ನೋಡಿ.

ಬೀಗದ ಪೆಟ್ಟಿಗೆಯನ್ನು ಪಿಸ್ತೂಲಿನ ಜೊತೆಗೇ ಕೊಳ್ಳಿ, ಆಮೇಲೆ ನೋಡೋಣ ಎನ್ನಬೇಡಿ. ಗುಂಡು ಬೇರೆ ಕಡೆ, ಬೀಗದಲ್ಲಿ. ಮಕ್ಕಳಿಗೆ ಎಲ್ಲಿದೆ ಎಂದು ಗೊತ್ತಿಲ್ಲ ಎಂದುಕೊಳ್ಳಬೇಡಿ, ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಮನಸ್ಸು ಕುಸಿದು, ಬದುಕು ಬೇಸರವಾಗಿ ದಿನ ದೂಡುತ್ತಿದ್ದರೆ ಈ ಕೊಳ್ಳುವ ಮಾತನ್ನೇ ಸದ್ಯಕ್ಕೆ ಬಿಡಿ. ಇದ್ದರೂ ಅದನ್ನು ಕಾನೂನಿನ ಪ್ರಕಾರ ಮನೆಯಿಂದ ಹೊರಗೆ ಇರಿಸಿ. ಇದನ್ನು ಕೈಮುಗಿದು ಕೇಳುತ್ತೇನೆ.

ಆ ಹುಡುಗನನ್ನು ಹೋದ ವಾರ ರೇಂಜಿಗೆ ಕರೆದುಕೊಂಡು ಹೋಗಿದ್ದೆ. ಪೆನ್ನಿನಲ್ಲಿ ಗೆರೆ ಎಳೆದಿದ್ದ ಪಿಸ್ತೂಲು ಅವನ ಬೆರಳಿಗೆ ದಪ್ಪವಾಯಿತು, ಎಲ್ಲ ಗುಂಡೂ ಎಡಕ್ಕೆ ಹೋದವು. ಪಟ್ಟಿಯಲ್ಲಿ ಕೊನೆಗಿದ್ದದ್ದು ಕೂತಿತು. ಇನ್ನೂ ಕೊಂಡಿಲ್ಲ, ಈ ವಾರ ಇನ್ನೊಮ್ಮೆ ಬರುತ್ತಾನೆ. ಮೊದಲು ಖಾಲಿ ಮಾಡುವುದನ್ನು ಕಲಿಸುತ್ತಿದ್ದೇನೆ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಪಿಸ್ತೂಲುಗಳ ಬಗ್ಗೆ ಬರೆಯುವಾಗ, ಪಟ್ಟಿಗೆ ಕೊಟ್ಟಷ್ಟೇ ಜಾಗದಲ್ಲಿ ಚೇಂಬರ್ ಖಾಲಿ ಇದೆಯಾ ಎಂದು ನೋಡುವ ಕ್ರಮವನ್ನು ಚಿತ್ರಗಳ ಸಮೇತ ಹಾಕಿ. ಮ್ಯಾಗಜೀನ್ ತೆಗೆಯುವ ಚಿತ್ರ ಮೊದಲು ಬರಲಿ, ಸ್ಲೈಡ್ ಎಳೆಯುವುದು ಆಮೇಲೆ.

ಇಂತಿ,
ನಿಮ್ಮ ಹಳೆಯ ಓದುಗ